ಕೈಪಿಡಿಯಿಲ್ಲದ ಚಿಪ್, ಹೊಣೆಯಿಲ್ಲದ ಅಂಕಿ

ಕಾಫಿ ಸೀಮೆಯಲ್ಲಿ ಕಂಪ್ಯೂಟರ್ ಬಾಳಿಕೆ ಬರುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಳಸ, ಕೊಟ್ಟಿಗೆಹಾರ, ಮೂಡಿಗೆರೆ ಕಡೆ ಗೋಡೆಯೇ ಬೆವರುವಷ್ಟು ತೇವ. ಗಾಳಿಗೆ ಸಿಲ್ವರ್ ಓಕಿನ ಕೊಂಬೆ ಮುರಿದು ಲೈನಿನ ಮೇಲೆ ಬಿದ್ದರೆ ಕರೆಂಟು ಹೋಗುವುದೂ ಬರುವುದೂ ಲೆಕ್ಕಕ್ಕೆ ಸಿಗುವುದಿಲ್ಲ. ಮುಂಗಾರಿಗೆ ಮುಂಚಿನ ತಿಂಗಳುಗಳ ಸಿಡಿಲು ಬೇರೆ. ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಾದರೆ ಕಾಫಿ ಹೊಟ್ಟಿನ ದೂಳು ಫ್ಯಾನಿಗೆ ಮೆತ್ತಿಕೊಳ್ಳುತ್ತದೆ. ಇಂಥ ಕಡೆ ಯಂತ್ರದೊಳಗಿನ ಬಿಸಿ ಎಷ್ಟು, ಫ್ಯಾನ್ ತಿರುಗುತ್ತಿದೆಯೇ, 12 ವೋಲ್ಟಿನ ತಂತಿಯಲ್ಲಿ 12 ಇದೆಯೇ ಎಂದು ಆಗಾಗ ನೋಡಿಕೊಳ್ಳುವುದು ಶೋಕಿಯ ಮಾತಲ್ಲ. ಮದರ್‌ಬೋರ್ಡ್ ಸುಟ್ಟರೆ ರಿಪೇರಿಗೆ ಹಾಸನಕ್ಕೋ ಬೆಂಗಳೂರಿಗೋ ಕಳಿಸಬೇಕು. ಅಷ್ಟರಲ್ಲಿ ಪಂಚಾಯಿತಿಯ ಅರ್ಜಿಗಳೂ ತೋಟದ ಲೆಕ್ಕವೂ ನಿಂತಲ್ಲೇ ನಿಂತಿರುತ್ತವೆ.

ಈ ಮೂರೂ ಸಂಗತಿಗಳನ್ನು ಅಳೆಯುವ ಚಿಪ್ ಬಹುತೇಕ ಎಲ್ಲ ಡೆಸ್ಕ್‌ಟಾಪ್ ಮದರ್‌ಬೋರ್ಡುಗಳಲ್ಲೂ ಇರುತ್ತದೆ. ವಿಂಡೋಸ್‌ನಲ್ಲಿ ಕಂಪನಿಯದೇ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ. ಅದೇ ಯಂತ್ರಕ್ಕೆ ಲಿನಕ್ಸ್ ಹಾಕಿ ‘ಸೆನ್ಸರ್ಸ್’ ಎಂದು ಕೇಳಿದರೆ ಕೆಲವು ಬೋರ್ಡುಗಳು ಪ್ರೊಸೆಸರಿನ ಬಿಸಿಯೊಂದನ್ನು ಹೇಳಿ ಸುಮ್ಮನಾಗುತ್ತವೆ. ಚಿಪ್ ಅಲ್ಲೇ ಇದೆ, ಅಳೆಯುತ್ತಲೂ ಇದೆ. ಆದರೆ ಅದರ ಯಾವ ರಿಜಿಸ್ಟರಿನಲ್ಲಿ, ಅಂದರೆ ಅಂಕಿ ಇಡುವ ಯಾವ ಖಾನೆಯಲ್ಲಿ, ಏನಿದೆ ಎಂಬ ಕೈಪಿಡಿಯನ್ನು, ಅಂದರೆ ಡೇಟಾಶೀಟನ್ನು, ತಯಾರಕರು ಹೊರಗೆ ಬಿಟ್ಟಿಲ್ಲ. ಈ ಬಗೆಯ ಅಳತೆಯ ಚಿಪ್‌ಗಳಿಗೆ ಡ್ರೈವರ್, ಅಂದರೆ ಚಿಪ್‌ನೊಡನೆ ಮಾತಾಡುವ ತಂತ್ರಾಂಶ, ಬರೆಯುವ ಪ್ರಯತ್ನಗಳಿಗೆ ಈಗ ಕಾಲು ಶತಮಾನ ದಾಟಿದೆ. ಗೆದ್ದವು, ಸೋತವು, ಗೆದ್ದ ಮೇಲೆ ಹಿಂದಕ್ಕೆ ಪಡೆದವು ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಚಿಪ್‌ನಿಂದ ಅಂಕಿಯನ್ನು ಹೊರತೆಗೆಯುವುದು ಈ ಕೆಲಸದ ಸಣ್ಣ ಭಾಗ. ಆ ಅಂಕಿಯ ಅರ್ಥಕ್ಕೆ ಯಾರು ಜವಾಬ್ದಾರರು ಎಂಬುದೇ ದೊಡ್ಡ ಭಾಗ.

ಚಿಪ್ ನಿಜಕ್ಕೂ ನೋಡುವುದೇನು

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಮನೆಯ 230 ವೋಲ್ಟಿನ ಏರಿಳಿತ ಈ ಚಿಪ್‌ಗೆ ಕಾಣುವುದೇ ಇಲ್ಲ. ಅದನ್ನು ತಾಳಿಕೊಳ್ಳುವುದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಪವರ್ ಸಪ್ಲೈ. ಚಿಪ್‌ಗೆ ಕಾಣುವುದು ಎಸ್‌ಎಂಪಿಎಸ್ ಹೊರಗೆ ಕೊಡುವ 12, 5 ಮತ್ತು 3.3 ವೋಲ್ಟ್ ಮಾತ್ರ. ಏಟು ತಿಂದು ತಿಂದು ಎಸ್‌ಎಂಪಿಎಸ್‌ನ ಕೆಪಾಸಿಟರ್‌ಗಳು ಸೊರಗಿದಾಗ 12ರ ಜಾಗದಲ್ಲಿ 11.3 ಕಾಣತೊಡಗುತ್ತದೆ. ಎಟಿಎಕ್ಸ್ ನಿಯಮದ ಪ್ರಕಾರ ಶೇಕಡಾ 5ರ ವ್ಯತ್ಯಾಸಕ್ಕೆ ಮಾತ್ರ ಅವಕಾಶವಿದೆ. ಅಂದರೆ 11.40ರಿಂದ 12.60. ಅದರಾಚೆ ಹೋದರೆ ಎಚ್ಚರಿಕೆಯ ಗಂಟೆ.

ಆದರೆ ಚಿಪ್ 12 ವೋಲ್ಟನ್ನು ನೇರವಾಗಿ ಅಳೆಯಲಾರದು. ಈ ವಂಶದ ಹಿರಿಯ, ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್‌ಎಂ78 ಚಿಪ್‌ನಲ್ಲಿ 8 ಬಿಟ್‌ನ ಅಳತೆಗಾರನಿದ್ದಾನೆ. ಒಂದೊಂದು ಮೆಟ್ಟಿಲೂ 16 ಮಿಲಿವೋಲ್ಟ್. 255 ಮೆಟ್ಟಿಲು ಹತ್ತಿದರೂ 4.08 ವೋಲ್ಟಿಗೆ ಮುಗಿಯಿತು. ಹಾಗಾಗಿ ಬೋರ್ಡ್ ಮಾಡುವವರು ಎರಡು ರೆಸಿಸ್ಟರ್ ಇಟ್ಟು 12 ವೋಲ್ಟನ್ನು ತಗ್ಗಿಸಿ ಚಿಪ್‌ನ ಕಾಲಿಗೆ ಕೊಡುತ್ತಾರೆ. 28 ಕಿಲೋಓಮ್ ಮತ್ತು 10 ಕಿಲೋಓಮ್‌ನ ಜೋಡಿ ಇದ್ದರೆ ತಗ್ಗುವ ಪ್ರಮಾಣ 3.8. ರಿಜಿಸ್ಟರಿನಲ್ಲಿ 197 ಕಂಡರೆ ಅದು 3.152 ವೋಲ್ಟ್, 3.8ರಿಂದ ಗುಣಿಸಿದರೆ 11.98. ರೆಸಿಸ್ಟರಿನ ಬೆಲೆ ಗೊತ್ತಿಲ್ಲದವನ ಕೈಯಲ್ಲಿ 197 ಬರೀ 197.

ಫ್ಯಾನಿನದೂ ಇದೇ ಕಥೆ. ಚಿಪ್ ಫ್ಯಾನಿನ ಸುತ್ತನ್ನು ಎಣಿಸುವುದಿಲ್ಲ. ಒಂದು ಸುತ್ತು ಮುಗಿಯುವಷ್ಟರಲ್ಲಿ ತನ್ನ ಗಡಿಯಾರದ ಟಿಕ್‌ಗಳು ಎಷ್ಟು ಎಂದು ಎಣಿಸುತ್ತದೆ. 13,50,000ವನ್ನು ಆ ಎಣಿಕೆ ಮತ್ತು ಒಂದು ಭಾಜಕದ ಗುಣಲಬ್ಧದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. ಎಣಿಕೆ 150 ಇದ್ದು ಭಾಜಕ 8 ಆದರೆ 1,125 ಸುತ್ತು. ಭಾಜಕ 4 ಎಂದು ತಪ್ಪಾಗಿ ಊಹಿಸಿದರೆ ಅದೇ ಫ್ಯಾನ್ 2,250 ಸುತ್ತುತ್ತಿರುವಂತೆ ಕಾಣುತ್ತದೆ. ಏದುಸಿರು ಬಿಡುತ್ತಿರುವ ಫ್ಯಾನ್ ಗಟ್ಟಿಮುಟ್ಟಾಗಿದೆ ಎಂಬ ವರದಿ ಬರುತ್ತದೆ.

ಹೀಗಾಗಿ ಇಲ್ಲಿ ಮುಚ್ಚಿಟ್ಟಿರುವ ಕಾಗದಗಳು ಎರಡು. ಚಿಪ್ ಮಾಡಿದವರ ಡೇಟಾಶೀಟ್ ಒಂದು. ಆ ಚಿಪ್‌ನ ಯಾವ ಕಾಲಿಗೆ ಏನನ್ನು ಜೋಡಿಸಿದೆ ಎಂದು ತೋರಿಸುವ ಬೋರ್ಡಿನ ನಕ್ಷೆ ಇನ್ನೊಂದು. ಮೊದಲನೆಯದು ಕೆಲವೊಮ್ಮೆ ಸಿಗುತ್ತದೆ, ಎರಡನೆಯದನ್ನು ಗ್ರಾಹಕರ ಬೋರ್ಡ್ ಮಾರುವವರು ಬಿಟ್ಟುಕೊಡುವುದಿಲ್ಲ. ರಿಜಿಸ್ಟರುಗಳ ಸಾಲು ಆಗ ತಲೆಬರಹ ಹರಿದುಹೋದ ಹಳೆಯ ಚೆಕ್‌ರೋಲ್‌ನಂತೆ: ಅಂಕಣಗಳಿವೆ, ಅಂಕಿಗಳಿವೆ, ಯಾವುದು ಆಳಿನ ಲೆಕ್ಕ, ಯಾವುದು ಸಂಬಳದ ಲೆಕ್ಕ ಎಂದು ಬರೆದವನಿಗಷ್ಟೇ ಗೊತ್ತು.

1998ರಿಂದ ಈಚೆಗೆ

ಲಿನಕ್ಸ್‌ನಲ್ಲಿ ಈ ಕೆಲಸ ಶುರುವಾದದ್ದು ಕೈಪಿಡಿ ಇದ್ದ ಚಿಪ್‌ನಿಂದಲೇ. ಅಲೆಕ್ಸಾಂಡರ್ ಲಾರ್ಸನ್ ಎಲ್‌ಎಂ78ಕ್ಕೆ ಬರೆದ ಡ್ರೈವರನ್ನು ಅಡಿಪಾಯ ಮಾಡಿಕೊಂಡು ಫ್ರೋಡೋ ಲೋಯ್‌ಯಾರ್ಡ್ ಮತ್ತು ಫಿಲಿಪ್ ಎಡೆಲ್‌ಬ್ರಾಕ್ 1998ರಲ್ಲಿ ‘ಎಲ್‌ಎಂ-ಸೆನ್ಸರ್ಸ್’ ಯೋಜನೆ ಕಟ್ಟಿದರು. ಯೋಜನೆಯ ಹೆಸರಿನ ಎಲ್‌ಎಂ ಆ ಚಿಪ್‌ನ ಹೆಸರಿನದೇ. ಮುಂದೆ ಫ್ರಾನ್ಸಿನ ಜಾನ್ ಡೆಲ್ವಾರ್ ವರ್ಷಗಟ್ಟಲೆ ಅದನ್ನು ನೋಡಿಕೊಂಡರು. 2005ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ನೊಳಗೆ ಈ ಡ್ರೈವರುಗಳಿಗೆ ‘ಎಚ್‌ಡಬ್ಲ್ಯೂಮಾನ್’ ಎಂಬ ಪ್ರತ್ಯೇಕ ವಿಭಾಗವೇ ಆಯಿತು. ಈಗ ಅದರ ಉಸ್ತುವಾರಿ ಗುಂಟರ್ ರೋಕ್ ಅವರದು.

ಆ ವಿಭಾಗದ ಶಿಸ್ತು ಸರಳ. ಬಿಸಿಯನ್ನು ಡಿಗ್ರಿಯ ಸಾವಿರದ ಒಂದು ಪಾಲಿನಲ್ಲಿ, ವೋಲ್ಟೇಜನ್ನು ಮಿಲಿವೋಲ್ಟಿನಲ್ಲಿ, ಫ್ಯಾನನ್ನು ನಿಮಿಷದ ಸುತ್ತಿನಲ್ಲಿ ಹೇಳಬೇಕು. ಚಿಪ್ ಯಾವುದೇ ಇರಲಿ, ಹೊರಗೆ ಕಾಣುವ ಭಾಷೆ ಒಂದೇ. ಇನ್ನೂ ಮುಖ್ಯವಾದ ವಿಂಗಡಣೆ ಒಂದಿದೆ. ಚಿಪ್‌ನ ಕಾಲಿನಲ್ಲಿ ಕಂಡ ವೋಲ್ಟೇಜನ್ನಷ್ಟೇ ಕರ್ನೆಲ್ ಹೇಳುತ್ತದೆ. ರೆಸಿಸ್ಟರಿನ ಗುಣಾಕಾರವನ್ನು ಅದು ಮಾಡುವುದಿಲ್ಲ. ಅದು ಬೋರ್ಡಿನಿಂದ ಬೋರ್ಡಿಗೆ ಬದಲಾಗುವುದರಿಂದ ಬಳಕೆದಾರರ ಕಡೆಯ ಸಂರಚನಾ ಕಡತಕ್ಕೆ ಬಿಟ್ಟಿದೆ. ಯಾವ ಅಂಕಿಗೆ ಏನು ಹೆಸರು, ಎಷ್ಟರಿಂದ ಗುಣಿಸಬೇಕು, ಯಾವ ಕಾಲನ್ನು ಕಡೆಗಣಿಸಬೇಕು ಎಂದು ಬರೆಯುವ ಜಾಗ ಅದು. ಗೊತ್ತಿರುವುದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಇಡುವ ಏರ್ಪಾಡು ಎಂದೂ ಇದನ್ನು ಓದಬಹುದು.

ಈ ಚರಿತ್ರೆಗೆ ಕರ್ನಾಟಕದ ಎಳೆಯೂ ಒಂದಿದೆ. ನ್ಯಾಷನಲ್ ಸೆಮಿಕಂಡಕ್ಟರನ್ನು 2011ರಲ್ಲಿ ಕೊಂಡದ್ದು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್. 1985ರಲ್ಲೇ ಬೆಂಗಳೂರಿಗೆ ಬಂದು ಇಲ್ಲಿನ ಚಿಪ್ ವಿನ್ಯಾಸದ ಉದ್ಯಮಕ್ಕೆ ನಾಂದಿ ಹಾಡಿದ ಕಂಪನಿ. ಅದೇ ವಂಶದ ಎಲ್‌ಎಂ75 ಎಂಬ ಪುಟ್ಟ ತಾಪಮಾಪಕದ ಡೇಟಾಶೀಟ್ ಇವತ್ತೂ ಯಾರು ಬೇಕಾದರೂ ಓದಬಹುದಾದ ಕಾಗದ. ಹತ್ತಾರು ಕಂಪನಿಗಳು ಅದರ ತದ್ರೂಪುಗಳನ್ನು ಮಾಡಿವೆ, ಅವುಗಳಲ್ಲಿ ಹೆಚ್ಚಿನವು ಲಿನಕ್ಸ್‌ನ ಒಂದೇ ಡ್ರೈವರಿನಲ್ಲಿ ನಡೆಯುತ್ತವೆ. ಕೈಪಿಡಿ ಬಿಚ್ಚಿಟ್ಟು ಕಂಪನಿ ಕಳೆದುಕೊಂಡದ್ದು ಏನೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಗುರುತು ಹಿಡಿಯುವಾಗಿನ ಅಪಾಯ

ಮುಂದೆ ಎಲ್‌ಎಂ78ರ ಕೆಲಸವನ್ನು ‘ಸೂಪರ್ ಐಓ’ ಎಂಬ ದೊಡ್ಡ ಚಿಪ್‌ಗಳು ನುಂಗಿಕೊಂಡವು. ತೈವಾನಿನ ವಿನ್‌ಬಾಂಡ್ (2008ರಿಂದ ಅದರ ಕವಲಾದ ನುವೋಟಾನ್), ಐಟಿಇ, ಫಿನ್‌ಟೆಕ್ ಇವುಗಳ ಪ್ರಮುಖ ತಯಾರಕರು. ಹೆಕ್ಸ್ ಲೆಕ್ಕದ 2ಇ ಅಥವಾ 4ಇ ಎಂಬ ಪೋರ್ಟಿನಲ್ಲಿ ಇವು ಕೂತಿರುತ್ತವೆ. ವಿನ್‌ಬಾಂಡ್–ನುವೋಟಾನ್ ಚಿಪ್‌ಗೆ 87 ಎಂದು ಎರಡು ಸಲ ಬರೆದರೆ ಬಾಗಿಲು ತೆರೆಯುತ್ತದೆ. ಐಟಿಇಗೆ 87, 01, 55 ಎಂದು ಶುರುವಾಗುವ ಬೇರೆ ಬೀಗದ ಕೈ. ಒಳಹೊಕ್ಕ ಮೇಲೆ 20 ಮತ್ತು 21ನೇ ರಿಜಿಸ್ಟರಿನಲ್ಲಿ ಚಿಪ್‌ನ ಗುರುತಿನ ಸಂಖ್ಯೆ ಇರುತ್ತದೆ. ಹೊಸ ಚಿಪ್ ಎದುರಾದಾಗ ಮೊದಲು ಸಿಗುವ ಸುಳಿವು ಇದೇ: ಡ್ರೈವರಿನ ಪಟ್ಟಿಯಲ್ಲಿಲ್ಲದ ಒಂದು ಸಂಖ್ಯೆ.

ಬೋರ್ಡಿನ ಚಿಪ್‌ಗಳು ಪರಸ್ಪರ ಮಾತಾಡುವ ಐ2ಸಿ ತಂತಿಯಲ್ಲಿ ಕೂತ ಚಿಪ್‌ಗಳಿಗೆ ಇಂಥ ಖಾತ್ರಿಯ ಗುರುತಿಲ್ಲ. ಪ್ರತಿ ವಿಳಾಸವನ್ನೂ ಕರೆದು ಓಗೊಡುತ್ತದೆಯೇ ಎಂದು ನೋಡಬೇಕು. ಹಾಗೆ ಕರೆಯುವುದೇ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಐಬಿಎಂನ ಕೆಲವು ಹಳೆಯ ಥಿಂಕ್‌ಪ್ಯಾಡ್‌ಗಳು ಕಲಿಸಿದವು. ಅವುಗಳಲ್ಲಿದ್ದ ಆಟ್ಮೆಲ್ 24ಆರ್‌ಎಫ್08 ಎಂಬ ನೆನಪಿನ ಚಿಪ್, ಕೇವಲ ಇದ್ದೀಯಾ ಎಂದು ಕೇಳುವ ಚುಟುಕು ಸಂಕೇತವನ್ನೇ ಬರೆಯುವ ಆಜ್ಞೆಯೆಂದು ತಿಳಿದು ಒಳಗಿನ ದತ್ತಾಂಶವನ್ನು ಕೆಡಿಸಿಕೊಳ್ಳುತ್ತಿತ್ತು. ಸೆನ್ಸರ್ ಹುಡುಕಲು ಹೋದವರ ಲ್ಯಾಪ್‌ಟಾಪ್ ಮತ್ತೆ ಏಳುತ್ತಲೇ ಇರಲಿಲ್ಲ. ಅದಾದ ಮೇಲೆ ಆ ವಿಳಾಸಗಳ ಸಾಲನ್ನು ಬರೆಯುವ ಸಂಕೇತದಿಂದಲ್ಲ, ಓದುವ ಸಂಕೇತದಿಂದಲೇ ತಟ್ಟಬೇಕು ಎಂಬ ನಿಯಮ ಉಪಕರಣಗಳೊಳಗೇ ಸೇರಿತು. ಈ ವಿದ್ಯೆಯ ಮೊದಲ ಪಾಠ ಹಾಗಾಗಿ ಸಂಯಮ: ಗೊತ್ತಿಲ್ಲದ ರಿಜಿಸ್ಟರನ್ನು ಓದು, ಬರೆಯಬೇಡ. ಓದುವುದೂ ಕೆಲವೆಡೆ ಅಪಾಯ, ಏಕೆಂದರೆ ಓದಿದೊಡನೆ ಅಳಿಸಿಹೋಗುವ ಎಚ್ಚರಿಕೆಯ ಬಿಟ್‌ಗಳೂ ಇರುತ್ತವೆ.

ಗುಟ್ಟು ಬಿಡಿಸುವ ದಾರಿಗಳು

ಕೈಪಿಡಿ ಸಿಗದ ಚಿಪ್‌ನ ಅರ್ಥ ಹುಡುಕಲು ಈವರೆಗೆ ಬಳಕೆಯಾದ ದಾರಿಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ನೆಂಟಸ್ತಿಕೆ. ಹೊಸ ಚಿಪ್ ಹಳೆಯದರ ತಮ್ಮನೇ ಆಗಿರುವ ಸಂಭವ ಹೆಚ್ಚು. ನುವೋಟಾನ್‌ನ ಎನ್‌ಸಿಟಿ6775 ಡ್ರೈವರ್ ಒಂದೊಂದೇ ಸೋದರ ಚಿಪ್ ಸೇರಿಸಿಕೊಂಡು ದೊಡ್ಡ ಸಂಸಾರವಾದದ್ದು ಹೀಗೆ. ಎರಡನೆಯದು ಪ್ರತಿಗಳನ್ನು ಹೋಲಿಸುವುದು: ಎಲ್ಲ ರಿಜಿಸ್ಟರುಗಳ ಪ್ರತಿ ತೆಗೆದು, ಪ್ರೊಸೆಸರಿಗೆ ಭಾರ ಹಾಕಿ ಬಿಸಿ ಮಾಡಿ, ಮತ್ತೊಂದು ಪ್ರತಿ ತೆಗೆದು, ಯಾವ ಅಂಕಿ ಏರಿತು ಎಂದು ನೋಡುವುದು. ಫ್ಯಾನಿನ ತಂತಿ ಕಿತ್ತಾಗ ಯಾವುದು 255ಕ್ಕೆ ಹಾರಿತು, ಹಳದಿ ತಂತಿಗೆ ಮಲ್ಟಿಮೀಟರ್ ಹಿಡಿದಾಗ ಕಂಡದ್ದಕ್ಕೆ ಯಾವುದು ತಾಳೆಯಾಯಿತು ಎಂದು ಪಟ್ಟಿ ಮಾಡುವುದು. ಮೂರನೆಯದು ಕಂಪನಿಯ ವಿಂಡೋಸ್ ತಂತ್ರಾಂಶ ಚಿಪ್‌ನೊಡನೆ ಆಡುವ ಮಾತನ್ನು ಕದ್ದು ಕೇಳುವುದು. ಯುಎಸ್‌ಬಿ ಉಪಕರಣಗಳಲ್ಲಿ ಇದು ಸಲೀಸು. ಕೋರ್ಸೇರ್ ಕಂಪನಿಯ ಪವರ್ ಸಪ್ಲೈ, ಎನ್‌ಝೆಡ್‌ಎಕ್ಸ್‌ಟಿಯ ಕೂಲರ್, ಅಕ್ವಾ ಕಂಪ್ಯೂಟರ್‌ನ ಪಂಪ್ ಇವುಗಳ ಡ್ರೈವರುಗಳು 2020ರಿಂದ ಈಚೆಗೆ ಕರ್ನೆಲ್ ಸೇರಿದವು. ಹಿಂದಿರುವುದು ಹವ್ಯಾಸಿಗಳ ಇಂಥದೇ ತಾಳ್ಮೆ. ನಾಲ್ಕನೆಯದು ಬೋರ್ಡಿನ ಫರ್ಮ್‌ವೇರ್ ತನ್ನೊಳಗೆ ಇಟ್ಟುಕೊಂಡಿರುವ ಎಸಿಪಿಐ ಕೋಷ್ಟಕವನ್ನು ಬಿಚ್ಚಿ ಓದುವುದು.

ನಾಲ್ಕನೆಯ ದಾರಿ ಒಂದು ಜಗಳವನ್ನೂ ಬಗೆಹರಿಸಿತು. ಆಸುಸ್ ಬೋರ್ಡುಗಳಲ್ಲಿ ಸೆನ್ಸರಿನ ಪೋರ್ಟುಗಳು ತನ್ನವೆಂದು ಫರ್ಮ್‌ವೇರ್ ಮೊದಲೇ ಗುರುತು ಹಾಕಿರುತ್ತದೆ. ಫರ್ಮ್‌ವೇರ್ ಮತ್ತು ಡ್ರೈವರ್ ಎರಡೂ ಒಂದೇ ಕಾಲಕ್ಕೆ ಕೈಹಾಕಿದರೆ ಒಂದರ ಓದು ಇನ್ನೊಂದರದರಲ್ಲಿ ಬೆರೆತು ಹಾಳಾಗುತ್ತದೆ. ಆದ್ದರಿಂದ ಲಿನಕ್ಸ್ ಡ್ರೈವರ್ ಹಿಂದೆ ಸರಿಯುತ್ತಿತ್ತು. ಬಲವಂತದಿಂದ ಆ ರಕ್ಷಣೆಯನ್ನು ಸಡಿಲಿಸಲು ಬೂಟ್ ಸಾಲಿನಲ್ಲಿ ಒಂದು ಆಯ್ಕೆ ಇದೆ. ಅಂತರ್ಜಾಲದ ತುಂಬ ಅದನ್ನೇ ಮದ್ದೆಂದು ಹೇಳುವವರಿದ್ದಾರೆ. ಮದ್ದಲ್ಲ, ಅಪಾಯವನ್ನು ಒಪ್ಪಿಕೊಂಡಂತೆ ಅಷ್ಟೇ. 2022ರ ಆರಂಭದಲ್ಲಿ ಬಂದ 5.16ನೇ ಕರ್ನೆಲ್, ಹಲವು ಆಸುಸ್ ಬೋರ್ಡುಗಳಲ್ಲಿ ಫರ್ಮ್‌ವೇರಿನ ಮೂಲಕವೇ ಓದಿಸಿಕೊಳ್ಳುವ ದಾರಿ ಹಿಡಿಯಿತು.

ಈ ಎಲ್ಲ ಪ್ರಯತ್ನಗಳಲ್ಲಿ ವಿವರವಾಗಿ ನೋಡಬೇಕಾದದ್ದು ಅಬಿಟ್ ಕಂಪನಿಯ ‘ಯೂಗುರು’. ತಮ್ಮದೇ ವಿಶೇಷ ಚಿಪ್ ಎಂದು ಅಬಿಟ್ ಜಾಹೀರಾತು ಮಾಡುತ್ತಿತ್ತು. ಡೇಟಾಶೀಟ್ ಕೊಡಲಿಲ್ಲ. ಓಲೆ ಸಾಂಡ್‌ಬರ್ಗ್ ಎಂಬ ಹವ್ಯಾಸಿ 2005ರಲ್ಲಿ ಅದನ್ನು ಬಿಡಿಸುತ್ತ ಹೋಗಿ, ಅದು ವಿನ್‌ಬಾಂಡ್‌ನ ಮೈಕ್ರೋಕಂಟ್ರೋಲರ್ ಎಂದು ಗುರುತಿಸಿದರು; ಕಂಡುಕೊಂಡದ್ದನ್ನೆಲ್ಲ ಡೇಟಾಶೀಟಿನ ರೂಪದಲ್ಲೇ ಬರೆದರು. ಹಾನ್ಸ್ ಡಿ ಗೋಡೆ ಅದರ ಮೇಲೆ ಡ್ರೈವರ್ ಕಟ್ಟಿದರು. 2006ರ 2.6.18ನೇ ಕರ್ನೆಲ್‌ನಲ್ಲಿ ಅದು ಬಂತು. ಕಂಪನಿ ಬರೆಯದ ಕೈಪಿಡಿಯೂ ಡ್ರೈವರಿನ ಜೊತೆಗೇ ಕರ್ನೆಲ್‌ನ ದಾಖಲೆಗಳಲ್ಲಿ ಸೇರಿತು.

ಅವರ ಮುಂದಿದ್ದ ತೊಡಕು ಇದು: ಯೂಗುರುವಿನ ಮೊದಲ ಗುಂಪಿನ ಸೆನ್ಸರುಗಳಲ್ಲಿ ಕೆಲವು ಬಿಸಿಯನ್ನೂ ಕೆಲವು ವೋಲ್ಟನ್ನೂ ಅಳೆಯುತ್ತವೆ, ಯಾವುದು ಯಾವುದೆಂದು ಚಿಪ್ ಹೇಳುವುದಿಲ್ಲ. ಬೋರ್ಡಿನಿಂದ ಬೋರ್ಡಿಗೆ ಕ್ರಮವೂ ಬೇರೆ. ಡ್ರೈವರ್ ಹೂಡಿದ ಉಪಾಯ ಚೆಂದದ್ದು. ಸೆನ್ಸರಿನ ಎಚ್ಚರಿಕೆಯ ಮಿತಿಯನ್ನು ಬೇಕೆಂದೇ ತಪ್ಪಾಗಿ ಇಟ್ಟು, ವೋಲ್ಟಿನ ಎಚ್ಚರಿಕೆ ಎದ್ದಿತೋ ಬಿಸಿಯ ಎಚ್ಚರಿಕೆ ಎದ್ದಿತೋ ಎಂದು ನೋಡಿ, ಮಿತಿಯನ್ನು ಮತ್ತೆ ಮೊದಲಿನಂತೆ ಮಾಡುವುದು. ಎದ್ದ ಎಚ್ಚರಿಕೆಯೇ ಸೆನ್ಸರಿನ ಜಾತಿ ಹೇಳುತ್ತದೆ. ಓದಿದ ಅಂಕಿ ತೀರಾ ಕಡಿಮೆ ಅಥವಾ ತೀರಾ ಹೆಚ್ಚಿದ್ದರೆ ಈ ಪರೀಕ್ಷೆ ನಂಬಿಕೆಗೆ ಅರ್ಹವಲ್ಲ ಎಂಬುದನ್ನೂ ಅವರು ಬರೆದಿಟ್ಟರು. ಬಳಕೆದಾರ ತಾನೇ ತಿದ್ದಲು ಆಯ್ಕೆಯನ್ನೂ ಕೊಟ್ಟರು. 2008ರ ಕೊನೆಗೆ ಅಬಿಟ್ ಬಾಗಿಲು ಮುಚ್ಚಿತು. ಆ ಬೋರ್ಡುಗಳ ಬಗ್ಗೆ ಉಳಿದಿರುವ ನಂಬಲರ್ಹ ಬರಹ ಆ ಹವ್ಯಾಸಿಗಳದು.

ಅಂಕಿ ಬಂತು, ನಿಜವೇ?

ಯೂಗುರು ಗೆಲುವಿನ ಕಥೆ. ಉಳಿದವು ಎಲ್ಲವೂ ಹಾಗಿಲ್ಲ.

ಇಂಟೆಲ್ ಪ್ರೊಸೆಸರಿನೊಳಗಿನ ತಾಪಮಾಪಕ ಬಿಸಿಯನ್ನು ಹೇಳುವುದಿಲ್ಲ; ಗರಿಷ್ಠ ಮಿತಿಗಿಂತ ಎಷ್ಟು ಕೆಳಗಿದ್ದೇನೆ ಎಂದಷ್ಟೇ ಹೇಳುತ್ತದೆ. 2007ರಲ್ಲಿ ರುಡಾಲ್ಫ್ ಮಾರೆಕ್ ಅವರ ‘ಕೋರ್‌ಟೆಂಪ್’ ಡ್ರೈವರ್ ಬಂದಾಗ ಆ ಮಿತಿ ಎಷ್ಟೆಂದು ಇಂಟೆಲ್ ಆಗಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಪ್ರಕಟಿಸಿರಲಿಲ್ಲ. 85 ಅಥವಾ 100 ಎಂದು ಊಹಿಸಬೇಕಿತ್ತು. ‘40 ಕೆಳಗೆ’ ಎಂಬ ಒಂದೇ ಓದು ಹೀಗೆ 45 ಡಿಗ್ರಿಯೂ ಆಗಬಹುದಿತ್ತು, 60 ಡಿಗ್ರಿಯೂ ಆಗಬಹುದಿತ್ತು. ಇದಕ್ಕೆ ಎದುರಾಗಿ, 2017ರಲ್ಲಿ ಎಎಂಡಿಯ ರೈಝೆನ್ 1800ಎಕ್ಸ್ ನಿಜಕ್ಕಿಂತ 20 ಡಿಗ್ರಿ ಹೆಚ್ಚು ತೋರಿಸುತ್ತದೆ, ಅದು ಫ್ಯಾನಿನ ನಿಯಂತ್ರಣಕ್ಕಾಗಿ ಬೇಕೆಂದೇ ಸೇರಿಸಿದ್ದು ಎಂದು ಕಂಪನಿಯೇ ಹೇಳಿತು. ಡ್ರೈವರಿನಲ್ಲಿ 20 ಕಳೆದರೆ ಮುಗಿಯಿತು. ಹೊರಗೆ ಹೇಳಿದ ಒಂದು ವಾಕ್ಯ ಎಷ್ಟು ಜನರ ತಿಂಗಳುಗಳನ್ನು ಉಳಿಸುತ್ತದೆ!

ಅದೇ ಎಎಂಡಿ ಚಿಪ್‌ಗಳ ವೋಲ್ಟೇಜ್ ಮತ್ತು ಕರೆಂಟಿನ ವಿಷಯದಲ್ಲಿ ಆದದ್ದು ಬೇರೆ. 2020ರ 5.6ನೇ ಕರ್ನೆಲ್‌ನಲ್ಲಿ ‘ಕೆ10ಟೆಂಪ್’ ಡ್ರೈವರ್ ಅವನ್ನು ತೋರಿಸತೊಡಗಿತು. ಆಧಾರ ಹವ್ಯಾಸಿಗಳ ಶೋಧ. ಜನ ಖುಷಿಪಟ್ಟರು. ಆದರೆ ಓದುವ ವಿಧಾನ ಒಂದು ಪ್ರೊಸೆಸರಿನಿಂದ ಇನ್ನೊಂದಕ್ಕೆ ಬದಲಾಗುತ್ತಿತ್ತು, ಬರುವ ಅಂಕಿಗಳಿಗೆ ತೂಕದ ಕಲ್ಲು ಇರಲಿಲ್ಲ, ತಿದ್ದುವ ಸೂತ್ರ ಮತ್ತೆ ಗುಟ್ಟು. ವಿಚಿತ್ರ ವೋಲ್ಟೇಜ್ ಕಂಡ ಕೆಲವರು ಡ್ರೈವರೇ ಯಂತ್ರವನ್ನು ಕೆಡಿಸುತ್ತಿದೆಯೇ ಎಂದು ಹೆದರಿದರು. ಕಡೆಗೆ ಇದನ್ನು ಸಾಕಲಾಗದು ಎಂದು ತೀರ್ಮಾನಿಸಿದ ಗುಂಟರ್ ರೋಕ್ 2021ರ 5.11ರಲ್ಲಿ ಆ ಅಂಕಿಗಳನ್ನೇ ತೆಗೆದುಹಾಕಿದರು. ಕೆಲಸ ಮಾಡುತ್ತಿದ್ದ ಕೋಡನ್ನು ಅಳಿಸುವುದು ಹಿನ್ನಡೆಯಂತೆ ಕಾಣುತ್ತದೆ. ನನ್ನ ಎಣಿಕೆಯಲ್ಲಿ ಇಡೀ ಚರಿತ್ರೆಯ ಅತ್ಯಂತ ಪ್ರಾಮಾಣಿಕ ನಡೆ ಅದು. ಅಂಕಿ ಇಲ್ಲದಿದ್ದರೆ ಜನ ಮಲ್ಟಿಮೀಟರ್ ಹುಡುಕುತ್ತಾರೆ. ತಪ್ಪು ಅಂಕಿ ಇದ್ದರೆ ಅದನ್ನೇ ನಂಬಿ ಸುಮ್ಮನಿರುತ್ತಾರೆ.

ಮೂರನೆಯ ಸೋಲು ದಣಿವಿನದು. ಐಟಿಇ ಚಿಪ್‌ಗಳು ಗಿಗಾಬೈಟ್ ಬೋರ್ಡುಗಳಲ್ಲಿ ಹೇರಳ. ಹೊಸ ಚಿಪ್‌ಗಳನ್ನು ಬೆಂಬಲಿಸುವ ‘ಐಟಿ87’ ಡ್ರೈವರಿನ ಒಂದು ಪ್ರತಿಯನ್ನು ರೋಕ್ ಕರ್ನೆಲ್‌ನ ಹೊರಗೆ ಇಟ್ಟು ಸಾಕುತ್ತಿದ್ದರು. ಕೈಪಿಡಿಯಿಲ್ಲದ ಚಿಪ್‌ಗಳ ಬಗ್ಗೆ ದೂರುಗಳು ಮಾತ್ರ ಬರುತ್ತಲೇ ಇದ್ದವು. ಒಂದು ಹಂತದಲ್ಲಿ ಅವರು ಅದನ್ನು ಕೈಬಿಟ್ಟರು. ಫ್ರಾಂಕ್ ಕ್ರಾಫರ್ಡ್ ಎಂಬವರು ಮುಂದುವರಿಸಿ, ತುಣುಕು ತುಣುಕಾಗಿ ಕರ್ನೆಲ್‌ಗೆ ಸೇರಿಸುವ ಕೆಲಸಕ್ಕೆ ಇಳಿದರು. ಈ ನಡುವೆ 2021ರಲ್ಲಿ ಥಾಮಸ್ ವೈಸ್‌ಶುಹ್ ಗಿಗಾಬೈಟ್‌ನ ಫರ್ಮ್‌ವೇರ್ ಮೂಲಕ ಬಿಸಿಯನ್ನಷ್ಟೇ ಓದುವ ಚಿಕ್ಕ ಡ್ರೈವರ್ ಕೊಟ್ಟರು. ಕಡಿಮೆ ಹೇಳುತ್ತದೆ, ಹೇಳಿದ್ದಕ್ಕೆ ಫರ್ಮ್‌ವೇರಿನ ಆಧಾರವಿದೆ.

ಕಾನೂನು ಏನೆನ್ನುತ್ತದೆ

ಮುಚ್ಚಿಟ್ಟದ್ದನ್ನು ಬಿಚ್ಚುವುದು ಕಳ್ಳತನವೇ ಎಂಬ ಅಳುಕು ವಿದ್ಯಾರ್ಥಿಗಳಲ್ಲಿ ಸಹಜ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1999ರಲ್ಲಿ ಆದ ತಿದ್ದುಪಡಿ ಈ ವಿಷಯದಲ್ಲಿ ಉದಾರವಾಗಿದೆ. 52ನೇ ಕಲಮಿನ ಪ್ರಕಾರ, ತಂತ್ರಾಂಶವನ್ನು ನ್ಯಾಯವಾಗಿ ಪಡೆದವರು, ಸ್ವತಂತ್ರವಾಗಿ ಬರೆದ ಇನ್ನೊಂದು ತಂತ್ರಾಂಶ ಅದರೊಡನೆ ಹೊಂದಿಕೊಂಡು ನಡೆಯಲು ಬೇಕಾದ ಮಾಹಿತಿಯನ್ನು, ಅದು ಬೇರೆಡೆ ಸುಲಭವಾಗಿ ಸಿಗದಿದ್ದಾಗ, ಬಿಡಿಸಿ ನೋಡಬಹುದು. ತಂತ್ರಾಂಶದ ನಡವಳಿಕೆಯನ್ನು ಗಮನಿಸುವುದಕ್ಕೂ ಪರೀಕ್ಷಿಸುವುದಕ್ಕೂ ಅವಕಾಶವಿದೆ. ಯುರೋಪಿನ 1991ರ ನಿರ್ದೇಶನವೂ ಇದೇ ಜಾಡಿನದು.

ಎರಡು ಎಚ್ಚರಿಕೆ ಬೇಕು. ತಿಳಿದುಕೊಳ್ಳುವುದು ಬೇರೆ, ಕಂಪನಿಯ ಕೋಡನ್ನೇ ನಕಲು ಮಾಡುವುದು ಬೇರೆ; ನಕಲಿಗೆ ಯಾವ ರಕ್ಷಣೆಯೂ ಇಲ್ಲ. ಅದಕ್ಕೇ ಒಬ್ಬರು ಬಿಡಿಸಿ ವಿವರಣೆ ಬರೆದು, ಇನ್ನೊಬ್ಬರು ಆ ವಿವರಣೆಯನ್ನಷ್ಟೇ ನೋಡಿ ಡ್ರೈವರ್ ಬರೆಯುವ ಪದ್ಧತಿ ಒಳ್ಳೆಯದು. ಎರಡನೆಯದಾಗಿ, ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿ ಪಡೆದ ಡೇಟಾಶೀಟ್‌ನಿಂದ ಬರೆದರೆ ಡ್ರೈವರ್ ಬರುತ್ತದೆ, ಆದರೆ ತಪ್ಪಿದ್ದರೆ ತಿದ್ದಬಲ್ಲವನು ಆ ಒಬ್ಬನೇ. ಕರ್ನೆಲ್‌ಗೆ ಕಳಿಸುವ ಪ್ರತಿ ತಿದ್ದುಪಡಿಗೂ ಇದನ್ನು ಕೊಡುವ ಹಕ್ಕು ನನಗಿದೆ ಎಂದು ಹೆಸರು ಹಾಕಿ ಸಹಿ ಮಾಡಬೇಕಾಗಿರುವುದು ಬರೀ ವಿಧಿಯಲ್ಲ.

ಹೂಮಳೆಯ ಲೆಕ್ಕದಲ್ಲೂ ಇದೇ ಪ್ರಶ್ನೆ

ಮಲೆನಾಡಿನವರಿಗೆ ಇದೆಲ್ಲ ದೂರದ ಮಾತಾಗಿ ಕಾಣಬೇಕಿಲ್ಲ. ಕಾಫಿ ತೋಟದವರಷ್ಟು ಅಂಕಿಯನ್ನು ನಂಬಿ ಬದುಕುವವರು ಕಡಿಮೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಸಂಶೋಧನಾ ಕೇಂದ್ರದಿಂದ ಹಿಡಿದು ಸಣ್ಣ ಬೆಳೆಗಾರರ ಅಂಗಳದವರೆಗೆ ಮಳೆಮಾಪಕ ಇಲ್ಲದ ತೋಟ ಅಪರೂಪ. ಇವತ್ತಿಗೂ ಇಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲೇ ಹೇಳುತ್ತಾರೆ. ಕಾಫಿಯ ಹೂ ಅರಳಿಸುವ ಫೆಬ್ರವರಿ–ಏಪ್ರಿಲ್‌ನ ಹೂಮಳೆ ಒಂದು ಇಂಚಿನಷ್ಟು ಬಿದ್ದರೆ ನೆಮ್ಮದಿ. ಅರೆಬರೆ ಬಿದ್ದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಎಳೆಯಬೇಕು. ಡೀಸೆಲ್ ಖರ್ಚು, ಕೆರೆಯ ನೀರು ಎಲ್ಲ ಆ ಒಂದು ಅಂಕಿಯ ಮೇಲೆ ನಿಂತಿರುತ್ತದೆ.

ಈಗ ತೋಟಗಳಿಗೆ ತಾನೇ ಎಣಿಸುವ ಹವಾಮಾನ ಯಂತ್ರಗಳು ಬಂದಿವೆ. ಅವುಗಳೊಳಗೆ ಪುಟ್ಟ ತೂಗುಬಟ್ಟಲು. ತುಂಬಿದಾಗ ಮಗುಚಿ ಒಂದು ಎಣಿಕೆ ಕೊಡುತ್ತದೆ. ಅಮೆರಿಕದ ಡೇವಿಸ್ ಯಂತ್ರದಲ್ಲಿ ಒಂದು ಮಗುಚು ಇಂಚಿನ ನೂರನೇ ಒಂದು ಪಾಲು, ಅಂದರೆ ಸರಿಯಾಗಿ ಒಂದು ಸೆಂಟ್. ಮೆಟ್ರಿಕ್ ಮಾದರಿಯಲ್ಲಿ 0.2 ಮಿಲಿಮೀಟರ್. ಚೀನಾದ ಫೈನ್ ಆಫ್‌ಸೆಟ್ ಕಂಪನಿಯ ಅಗ್ಗದ ಡಬ್ಲ್ಯೂಎಚ್1080ರಲ್ಲಿ ಅದು 0.3 ಮಿಲಿಮೀಟರ್. ಒಂದು ರಾತ್ರಿಯಲ್ಲಿ 85 ಸಲ ಮಗುಚಿತು ಎನ್ನಿ. 0.3ರ ಲೆಕ್ಕದಲ್ಲಿ 25.5 ಮಿಲಿಮೀಟರ್, ಅಂದರೆ ಒಂದು ಇಂಚು: ಹೂ ನಿಂತಿತು. 0.2ರ ಲೆಕ್ಕದಲ್ಲಿ 17 ಮಿಲಿಮೀಟರ್, 67 ಸೆಂಟ್: ಪಂಪು ಹೂಡಬೇಕು. ಎಣಿಕೆ ಒಂದೇ. ಅರ್ಥವನ್ನು ಊಹಿಸಿದವನು ತಪ್ಪಿದರೆ ತೋಟದವನ ತೀರ್ಮಾನವೇ ತಿರುಗಿಬೀಳುತ್ತದೆ.

ಡೇವಿಸ್ ತನ್ನ ಯಂತ್ರದ ಸಂವಹನದ ವಿವರಗಳನ್ನು ತಾನೇ ಪ್ರಕಟಿಸಿದೆ. ಫೈನ್ ಆಫ್‌ಸೆಟ್ ಯಂತ್ರದ್ದನ್ನು ಜನರೇ ಬಿಡಿಸಿದರು; ಆ ಆಧಾರದ ಮೇಲೆ ಜಿಮ್ ಈಸ್ಟರ್‌ಬ್ರೂಕ್ ‘ಪೈಡಬ್ಲ್ಯೂಡಬ್ಲ್ಯೂಎಸ್’ ಎಂಬ ತಂತ್ರಾಂಶ ಬರೆದರು. 64 ಕಿಲೋಬೈಟ್‌ನ ನೆನಪು, ಮೊದಲ 256 ಬೈಟ್ ಯಂತ್ರದ ಸಿದ್ಧತೆಗಳಿಗೆ, ಉಳಿದದ್ದರಲ್ಲಿ 16 ಬೈಟಿನ 4,080 ದಾಖಲೆಗಳು ಸುತ್ತಾಗಿ ತುಂಬುತ್ತವೆ ಎಂಬುದೆಲ್ಲ ಹೀಗೆ ತಿಳಿದದ್ದು. ಯಂತ್ರ ತಾನೇ ನೆನಪಿಗೆ ಬರೆಯುತ್ತಿರುವ ಗಳಿಗೆಯಲ್ಲಿ ಕಂಪ್ಯೂಟರ್ ಯುಎಸ್‌ಬಿಯಲ್ಲಿ ಕೇಳಿದರೆ ಇಡೀ ಯಂತ್ರ ಮರಗಟ್ಟಿ ನಿಲ್ಲುತ್ತದೆ ಎಂಬುದೂ ತಿಳಿಯಿತು. ಆ ಗಳಿಗೆಯನ್ನು ಲೆಕ್ಕಹಾಕಿ ತಪ್ಪಿಸಿಕೊಳ್ಳುವುದನ್ನು ತಂತ್ರಾಂಶವೇ ಕಲಿತಿದೆ. ಆಸುಸ್ ಬೋರ್ಡಿನ ಜಗಳವೇ ಇಲ್ಲಿ ಮಳೆಯ ವೇಷದಲ್ಲಿ ಬಂದಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಟ್ಟಿರುವ ಮಳೆಮಾಪಕಗಳ ಅಂಕಿಯೊಡನೆ ತೋಟದ ಯಂತ್ರದ ಅಂಕಿ ತಾಳೆಯಾಗದಾಗ, ಮಳೆಯ ವ್ಯತ್ಯಾಸವೋ ಬಟ್ಟಲಿನ ವ್ಯತ್ಯಾಸವೋ ಎಂದು ಹೇಳಬಲ್ಲದ್ದು ಬಿಚ್ಚಿಟ್ಟ ಕೈಪಿಡಿ ಮಾತ್ರ.

ಮುಂದೆ ಆಗಬೇಕಾದ್ದು

ಇಷ್ಟೆಲ್ಲ ನೋಡಿದ ಮೇಲೆ, ರಿವರ್ಸ್ ಎಂಜಿನಿಯರಿಂಗನ್ನೇ ಹಾಡಿ ಹೊಗಳುವುದು ಪೂರ್ತಿ ನ್ಯಾಯವಲ್ಲ. ಅದು ಅನಿವಾರ್ಯಕ್ಕೆ ಮಾಡುವ ಕೆಲಸ. ಶಾಶ್ವತ ಪರಿಹಾರ ಎಲ್ಲರೂ ಒಪ್ಪಿದ ಬಹಿರಂಗ ಮಾನಕ. ಎನ್‌ವಿಎಂಇ ಡಿಸ್ಕುಗಳು ಬಿಸಿಯನ್ನು ಹೇಗೆ ಹೇಳಬೇಕೆಂಬುದು ಮಾನಕದಲ್ಲೇ ಬರೆದಿದೆ. 2020ರಲ್ಲಿ ಬಂದ ಒಂದೇ ತುಣುಕು ಕೋಡು ಎಲ್ಲ ಕಂಪನಿಗಳ ಡಿಸ್ಕಿಗೂ ಸಾಕಾಯಿತು. ಸರ್ವರ್‌ಗಳ ಐಪಿಎಂಐ ಮಾನಕದಲ್ಲಂತೂ ಪ್ರತಿ ಸೆನ್ಸರ್ ತನ್ನ ಹೆಸರನ್ನೂ ಪರಿವರ್ತನೆಯ ಸೂತ್ರವನ್ನೂ ತಾನೇ ಹೊತ್ತು ತರುತ್ತದೆ. ದುಬಾರಿ ಸರ್ವರ್ ಕೊಳ್ಳುವ ಬ್ಯಾಂಕಿಗೆ ಸಿಗುವ ಈ ಸೌಜನ್ಯ ಸಾದಾ ಡೆಸ್ಕ್‌ಟಾಪ್ ಕೊಳ್ಳುವ ಶಾಲೆಗೆ ಸಿಗದಿರಲು ತಾಂತ್ರಿಕ ಕಾರಣ ಏನೂ ಇಲ್ಲ. ಕೇಳುವವರಿಲ್ಲ, ಅಷ್ಟೇ.

ಕೇಳುವ ಶಕ್ತಿ ಇರುವುದು ದೊಡ್ಡ ಗಿರಾಕಿಗೆ, ಅಂದರೆ ಸರ್ಕಾರಕ್ಕೆ. ಕೇಂದ್ರ ಸರ್ಕಾರದ 2015ರ ಮುಕ್ತ ತಂತ್ರಾಂಶ ನೀತಿ ಟೆಂಡರುಗಳಲ್ಲಿ ಮುಕ್ತ ತಂತ್ರಾಂಶವನ್ನು ಪರಿಗಣಿಸಲೇಬೇಕು ಎಂದಿತು. ಆ ತಂತ್ರಾಂಶ ಓಡುವ ಬೋರ್ಡಿನ ಕೈಪಿಡಿಯನ್ನೂ ಟೆಂಡರಿನಲ್ಲಿ ಕೇಳುವುದು ಮುಂದಿನ ಸಹಜ ಹೆಜ್ಜೆ. ಶಾಲೆ, ಪಂಚಾಯಿತಿ, ನಾಡಕಚೇರಿಗಳಿಗೆ ಸಾವಿರಗಟ್ಟಲೆ ಕಂಪ್ಯೂಟರ್ ಕೊಳ್ಳುವ ರಾಜ್ಯ, ಸೆನ್ಸರುಗಳು ಲಿನಕ್ಸ್‌ನಲ್ಲಿ ಓದುವಂತಿರಬೇಕು ಎಂಬ ಒಂದು ಸಾಲನ್ನು ಷರತ್ತಿಗೆ ಸೇರಿಸಿದರೆ ಹವ್ಯಾಸಿಗಳು ವರ್ಷಗಟ್ಟಲೆ ಹೆಣಗುವುದು ತಪ್ಪುತ್ತದೆ.

ಈ ಒತ್ತಾಯಕ್ಕೆ ಮೂಡಿಗೆರೆಯಲ್ಲೇ ಪೂರ್ವಿಕರಿದ್ದಾರೆ. ಕನ್ನಡದ ಅಕ್ಷರಗಳನ್ನು ಒಂದೊಂದು ತಂತ್ರಾಂಶ ಒಂದೊಂದು ಬಗೆಯ ಸಂಕೇತದಲ್ಲಿ ಬಚ್ಚಿಟ್ಟಿದ್ದ ಕಾಲದಲ್ಲಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಕಲಸುಮೇಲೋಗರವಾಗುತ್ತಿತ್ತು. ಕನ್ನಡ ತಂತ್ರಾಂಶ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯನ್ನು ಹಟ ಹಿಡಿದು ಎತ್ತಿದವರು ಮೂಡಿಗೆರೆಯ ಲೇಖಕ ಪೂರ್ಣಚಂದ್ರ ತೇಜಸ್ವಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ‘ಕುವೆಂಪು’ ತಂತ್ರಾಂಶ ಹೊರತಂದದ್ದರ ಹಿಂದೆ ಅವರ ಒತ್ತಾಸೆ ಇತ್ತು. ಅಕ್ಷರದ ಸಂಕೇತಕ್ಕೆ ಆಗ ಕೇಳಿದ ಪ್ರಶ್ನೆಯನ್ನು ಚಿಪ್‌ನ ರಿಜಿಸ್ಟರಿಗೆ ಈಗ ಕೇಳಬೇಕಾಗಿದೆ.

ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಕಾಯಬೇಕಾಗಿಯೂ ಇಲ್ಲ. ಎಲ್‌ಎಂ-ಸೆನ್ಸರ್ಸ್ ಯೋಜನೆಯಲ್ಲಿ ಬೋರ್ಡುಗಳ ಸಂರಚನಾ ಕಡತಗಳಿಗೆಂದೇ ಒಂದು ಉಗ್ರಾಣವಿದೆ. ಅಲ್ಲಿಗೆ ಒಂದು ಕಡತ ಸೇರಿಸಲು ಕರ್ನೆಲ್ ಪ್ರೋಗ್ರಾಮಿಂಗ್ ಬಾರದಿದ್ದರೂ ನಡೆಯುತ್ತದೆ. ಒಂದು ಮಲ್ಟಿಮೀಟರ್, ಬಯಾಸ್ ಪರದೆಯ ಅಂಕಿಗಳು, ಬರೆದಿಟ್ಟುಕೊಳ್ಳುವ ಶಿಸ್ತು ಇದ್ದರೆ ಸಾಕು. ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜಿನಂಥ ಕಡೆ ಕೊನೆಯ ವರ್ಷದ ವಿದ್ಯಾರ್ಥಿಗಳು ಎಲ್ಲರೂ ಮಾಡಿದ ಪ್ರಾಜೆಕ್ಟನ್ನೇ ಮತ್ತೆ ಮಾಡುವ ಬದಲು, ಜಿಲ್ಲೆಯ ಕಚೇರಿಗಳಲ್ಲಿ ಯಾವ ಯಾವ ಬೋರ್ಡುಗಳಿವೆ, ಯಾವುದು ಲಿನಕ್ಸ್‌ನಲ್ಲಿ ಓದುತ್ತದೆ, ಯಾವ ಕಾಲಿಗೆ ಎಷ್ಟರ ಗುಣಕ ಎಂದು ಅಳೆದು ಕಡತ ಮಾಡಿದರೆ ಅದು ಜಗತ್ತಿನ ಎಲ್ಲ ಅದೇ ಬೋರ್ಡಿನವರಿಗೂ ಉಪಯೋಗ. ಅಳೆದದ್ದು ಯಾವುದು, ಊಹಿಸಿದ್ದು ಯಾವುದು ಎಂದು ಕಡತದಲ್ಲೇ ಬೇರೆ ಬೇರೆ ಗುರುತಿಸಲಿ. ಖಾತ್ರಿಯಿಲ್ಲದ ಕಾಲನ್ನು ಕಡೆಗಣಿಸು ಎಂದು ಬರೆದು ಕೈಬಿಡಲಿ. ಹಾಗೆ ಬಿಟ್ಟ ಸಾಲು ಕಡತದ ಕೊರತೆಯಲ್ಲ, ಉಳಿದ ಸಾಲುಗಳನ್ನು ನಂಬಬಹುದು ಎಂಬುದಕ್ಕೆ ಆಧಾರ.